ಒಣಗಿದ ಬಂಡೆ

ನಮ್ಮ ವಿಜ್ಞಾನದ ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಕಲ್ಲು ಒಡೆಯಲು ಎತ್ತಿದ ಸುತ್ತಿಗೆ ವಾರಕ್ಕೊಮ್ಮೆಯಾದರೂ ಅಲ್ಲಿಗೇ ಬೀಳಬೇಕು. ನಂಜನಗೂಡಿನಿಂದ ತಿ. ನರಸೀಪುರದ ನಮ್ಮ ಹೈಸ್ಕೂಲಿಗೆ ಬಸ್ಸಿನಲ್ಲಿ ಬರುತ್ತಿದ್ದರು, ಜುಬ್ಬಾದ ಜೇಬುಗಳು ಕಲ್ಲಿನ ಭಾರಕ್ಕೆ ಜೋತುಬಿದ್ದಿರುತ್ತಿದ್ದವು. "ಕಲ್ಗೂ ಲಗೇಜ್ ಟಿಕೆಟ್ ಹರೀಲಾ ಮೇಷ್ಟ್ರೇ?" ಎಂದು ಕಂಡಕ್ಟರು ರೇಗಿಸುತ್ತಿದ್ದ.

ಹೊಳೆದಂಡೆಯೇ ಅವರ ಪಾಠಶಾಲೆ. ನೀರು ಎಲ್ಲಿಯವರೆಗೆ ಏರುತ್ತದೆಂದು ಬಂಡೆ ನೋಡಿಯೇ ಹೇಳುತ್ತಿದ್ದರು. "ಕಲ್ಲು ಒಣಗಿದ್ರೆ ನೀರು ಅಲ್ಲೀಗಂಟ ಬರಾಕಿಲ್ಲ ಕಣ್ರವ್ವಾ, ಧೈರ್ಯವಾಗಿ ನಿಂತ್ಕಳಿ." ಕಪಿಲೆ, ಕಾವೇರಿಯ ದಡದಲ್ಲಿ ಆ ಮಾತು ಎಂದೂ ತಪ್ಪಲಿಲ್ಲ.

ತೊಂಬತ್ತರ ದಶಕದಲ್ಲಿ, ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ನಮ್ಮನ್ನು ಉಡುಪಿ ಕಡೆಯ ಒಂದು ದ್ವೀಪಕ್ಕೆ ಪ್ರವಾಸ ಕರೆದೊಯ್ದರು. ಅಲ್ಲಿ ಬಂಡೆಗಳೆಲ್ಲ ಒತ್ತೊತ್ತಾಗಿ ನಿಲ್ಲಿಸಿದ ಆರುಮೂಲೆಯ ಕಂಬಗಳು. "ಲಾವಾರಸ ಆರ್ತಾ ಆರ್ತಾ ಕುಗ್ಗಿ ಹಿಂಗೆ ಸೀಳ್ಕಂಡದ್ದು. ಮಡಗಾಸ್ಕರ್ ನಮ್ಮಿಂದ ಕಿತ್ಕಂಡು ಹೋದ ಕಾಲದ್ದು" ಎನ್ನುವಾಗ ಅವರ ಕಣ್ಣು ತುಂಬಿತ್ತು. ಫೋಟೋದಲ್ಲಿ ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸುವುದು ಅವರ ಪದ್ಧತಿ. ನನ್ನನ್ನೂ ನನ್ನ ಗೆಳತಿ ಸುಧಾಳನ್ನೂ ಕಡಲಂಚಿನ ಕಡಿದಾದ ಬಂಡೆಯ ಮೇಲೆ ನಿಲ್ಲಿಸಿದರು. ಸುಧಾ ಹಿಂಜರಿದಳು. "ಒಣಗ್ಯದೆ ನೋಡವ್ವಾ, ಏನೂ ಆಗಾಕಿಲ್ಲ" ಎಂದರು.

ಅದು ಒಣಗಿದ್ದು ಇಳಿತದ ಹೊತ್ತಿನಲ್ಲಿ. ಆಗಲೇ ಕಡಲು ಏರತೊಡಗಿತ್ತು. ಕಡಲ ಕಡೆಯ ಮಗುವಿಗೂ ಗೊತ್ತಿರುವುದು ಹೊಳೆಯ ಕಡೆಯ ನಮಗೆ ಗೊತ್ತಿರಲಿಲ್ಲ. ಒಂದು ದೊಡ್ಡ ಅಲೆ ಬಂಡೆ ಹತ್ತಿತು. ಓಡಿಬಂದ ಮೇಷ್ಟ್ರ ಕೈಗೆ ನನ್ನ ಜಡೆ ಸಿಕ್ಕಿತು. ಸುಧಾ ಸಿಗಲಿಲ್ಲ.

ಆಮೇಲೆ ಮೇಷ್ಟ್ರು ಕಲ್ಲು ಮುಟ್ಟಲಿಲ್ಲ. ಭಾನುವಾರಗಳಲ್ಲಿ ಸುಧಾಳ ಮನೆ ಜಗಲಿಯಲ್ಲಿ ಬಂದು ಸುಮ್ಮನೆ ಕೂರುತ್ತಿದ್ದರು. ಕೊನೆಗೆ ಅವಳ ತಾಯಿಯೇ ಕೈಮುಗಿದರು: "ಬರಬ್ಯಾಡಿ ಸಾ. ನೀವು ಬಂದ್ರೆ ನಿಮ್ ಹಿಂದೆ ಅವ್ಳೂ ಬತ್ತಾವ್ಳೆ ಅನ್ನಿಸ್ತದೆ." ನನ್ನೊಡನೆ ಮಾತಾಡುವಾಗಲೂ ಮೇಷ್ಟ್ರ ನೋಟ ನನ್ನ ಪಕ್ಕದ ಖಾಲಿ ಜಾಗದಲ್ಲಿರುತ್ತಿತ್ತು. ಉಳಿದದ್ದು ನಾನಲ್ಲವೇ ಎಂದು ನನಗೆ ಸಿಟ್ಟು ಬರುತ್ತಿತ್ತು, ಮರುಗಳಿಗೆ ನಾಚಿಕೆಯಾಗುತ್ತಿತ್ತು.

ಎಷ್ಟೋ ವರ್ಷದ ಮೇಲೆ, ಕಾಯಿಲೆ ಬಿದ್ದಿದ್ದಾರೆಂದು ತಿಳಿದು ನಂಜನಗೂಡಿಗೆ ಹೋದೆ. ನನ್ನನ್ನು ಕಂಡು ಎದ್ದು ಕೂರಲು ನೋಡಿದರು.

"ಸುಧಾ, ಬಂದ್ಯಾ? ಎಷ್ಟು ಹೊತ್ತು ಮಾಡ್ದೆ ತಾಯಿ!"

ನಾನು ಅಲ್ಲವೆನ್ನಲಿಲ್ಲ. "ಬಂದೆ ಸಾ" ಎಂದೆ.

"ನಿನ್ ಗೆಳತಿ? ಅವ್ಳನ್ನ ಹಿಡ್ಕಂಡಿದ್ನಲ್ಲಾ, ಎಲ್ಲವ್ಳೆ?"

"ಅವ್ಳೂ ಬಂದವ್ಳೆ ಸಾ. ಇಬ್ರೂ ಬಂದ್ಬುಟ್ಟೊ."

ಮೇಷ್ಟ್ರು ಮರುದಿನ ತೀರಿಕೊಂಡರು. ನನ್ನ ಜೀವ ಉಳಿಸಿದವರಿಗೆ ನನ್ನಿಂದ ಕೊಡಲಾದದ್ದು ಆ ಸುಳ್ಳೊಂದೇ.