ಐದೂಕಾಲಿಗೆ ಮುಳುಗದ ಸೂರ್ಯ

ಹೊತ್ತು ಎಷ್ಟು ಗಂಟೆಗೆ ಮುಳುಗುತ್ತದೆ ಎಂದು ನನ್ನನ್ನು ಕೇಳಿದ್ದು ಅವರ ತಪ್ಪು. ಗೊತ್ತಿಲ್ಲ ಎನ್ನದೆ ಗಟ್ಟಿಯಾಗಿ ಉತ್ತರ ಕೊಟ್ಟಿದ್ದು ನನ್ನ ತಪ್ಪು.

ಗೋಕಾಕದಲ್ಲಿ ಬಿ.ಎ. ಕೊನೆಯ ವರ್ಷ. ಪತ್ರಿಕೋದ್ಯಮ ನಮ್ಮ ಕಾಲೇಜಿಗೆ ಆಗಷ್ಟೇ ಬಂದ ವಿಷಯ. ನಮಗೂ ಹೊಸದು, ಸರ್‌ಗೂ ಹೊಸದು. ಟಿವಿಯಲ್ಲಿ ಆಲ್ಬಮ್ ಹಾಡುಗಳ ಹುಚ್ಚು ಏರಿದ್ದ ಕಾಲ ಅದು. ಪ್ರಾಕ್ಟಿಕಲ್‌ಗೆ ಗುಂಪಿಗೊಂದು ಹಾಡಿನ ವಿಡಿಯೊ ಮಾಡಿಕೊಂಡು ಬನ್ನಿ ಎಂದು ಸರ್ ಹೇಳಿಬಿಟ್ಟರು. ಕ್ಯಾಮೆರಾ ಎಲ್ಲಿಂದ ತರಬೇಕು ಅಂತ ಯಾರೋ ಕೇಳಿದಾಗ ಅವರು ಕಿಟಕಿಯ ಹೊರಗೆ ನೋಡಿದರು.

ನಮ್ಮ ಗುಂಪಿನಲ್ಲಿ ಮೂವರು. ಮೂಡಲಗಿಯಿಂದ ಬರುತ್ತಿದ್ದ ಹುಡುಗ ಚೆನ್ನಾಗಿ ಹಾಡುತ್ತಿದ್ದ. ಕೊನೆಯ ಬಸ್ಸು ತಪ್ಪಿಸಿಕೊಂಡವನ ಮೇಲೆ ಒಂದು ಹಾಡನ್ನೂ ಅವನೇ ಕಟ್ಟಿದ್ದ. ಎರಡನೆಯವಳು ಹುಕ್ಕೇರಿಯ ಗೆಳತಿ. ಅವಳ ಮಾಮಾ ಲಗ್ನದ ವಿಡಿಯೊ ತೆಗೆಯುವವರು, ಆದ್ದರಿಂದ ನಮ್ಮ ಗುಂಪಿಗೆ ಕ್ಯಾಮೆರಾ ಇತ್ತು. ಮೂರನೆಯವಳು ನಾನು. ನನ್ನ ಅಕ್ಷರ ದುಂಡಗಿತ್ತು, ಹಾಗಾಗಿ ಯಾವ ಶಾಟ್ ಎಲ್ಲಿ, ಎಷ್ಟು ಗಂಟೆಗೆ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಬರೆಯುತ್ತ ಬರೆಯುತ್ತ ನನಗೆ ಆಸೆ ಹತ್ತಿತು. ಒಂದೇ ಒಂದು ಶಾಟ್ ನಾನು ತೆಗೆಯಬೇಕು. ಕ್ಯಾಮೆರಾ ನನ್ನ ಹೆಗಲ ಮೇಲೆ ಇರಬೇಕು. ಈಗಿನ ಮಕ್ಕಳಿಗೆ ಇದು ನಗೆ ಬರುವ ಮಾತು. ಆಗ ಕ್ಯಾಮೆರಾ ಮುಟ್ಟಿದ ಹುಡುಗಿಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಮಾಮಾನ ಹತ್ತಿರ ಎರಡು ವಾರ ಗೋಗರೆದೆ.

"ಬಿದ್ದು ಒಡದ್ರ ನಿಮ್ಮಪ್ಪ ಕೊಡಸ್ತಾನೇನವಾ?" ಎಂದರು.

"ಬೀಳಿಸೂದಿಲ್ರಿ ಮಾಮಾ."

"ಕಡೀ ಶಾಟ್ ನೀ ತಗಿ. ಒಂದ ಶಾಟ್. ಎರಡನೇದು ಕೇಳಬ್ಯಾಡ ಮತ್ತ."

ಕೊನೆಯ ಶಾಟ್ ಅಂದರೆ ಹೊತ್ತು ಮುಳುಗುವುದು. ಬಸ್ಸು ಸಿಗದ ಹುಡುಗ ಹೊಲದ ಬದುವಿನ ಮೇಲೆ ನಡೆದು ಹೋಗುತ್ತಾನೆ, ಹಿಂದೆ ಸೂರ್ಯ ಇಳಿಯುತ್ತದೆ. ಅದಕ್ಕೆ ಕಲ್ಲೋಳಿಯಲ್ಲಿ ನಮ್ಮ ಮನೆಯ ಹಿಂದಿನ ಹೊಲವನ್ನೇ ಬರೆದೆ. ಸಮಯ: ಐದರಿಂದ ಐದೂಕಾಲು. ಯಾರೂ ಎದುರಾಡಲಿಲ್ಲ.

ಐದೂಕಾಲು ಎಲ್ಲಿಂದ ಬಂತು ಅಂತ ಹೇಳಬೇಕು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅನ್ನವಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಆಕೆ ಇನ್ನೂ ಒಂದು ಹೆಜ್ಜೆ ಮುಂದೆ. ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ತಾಟು ಎತ್ತಿಬಿಡಬೇಕು. ಚಳಿಗಾಲದಲ್ಲಿ ಐದು ಹೊಡೆಯುತ್ತಲೇ "ಹೊತ್ತ ಮುಳಗಾಕತ್ತೇತಿ, ಬರ್ರಿ" ಎಂದು ಕೂಗುತ್ತಿದ್ದಳು. ಇಪ್ಪತ್ತು ವರ್ಷ ಆ ಕೂಗನ್ನು ಕೇಳಿ ಬೆಳೆದ ನನಗೆ ಹೊತ್ತು ಮುಳುಗುವುದೆಂದರೆ ಅದೇ. ಆ ವೇಳೆಗೆ ನಾನು ಅಡುಗೆಮನೆಯಲ್ಲಿ ತಾಟಿನ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿದ್ದೆ. ಆಕಾಶ ನೋಡಿದವರು ಯಾರು?

ಆಯಿಗೆ ಇನ್ನೊಂದು ಹಟವಿತ್ತು. ಮನೆಯ ಮಕ್ಕಳು ಬರುವವರೆಗೆ ತಾನು ಉಣ್ಣುತ್ತಿರಲಿಲ್ಲ. ನಾನು ತಡ ಮಾಡಿದರೆ ಆಕೆಗೆ ಮರುದಿನ ಬೆಳಿಗ್ಗೆಯವರೆಗೆ ಉಪವಾಸ. ಕಾಲೇಜಿಗೆ ಹಚ್ಚುವಾಗ ಅಪ್ಪ ಒಂದೇ ಷರತ್ತು ಹಾಕಿದ್ದರು: "ನಿನ್ನ ಸಲುವಾಗಿ ಆಯಿ ಒಂದ ದಿನ ಉಪಾಸ ಮಲಗಿದ್ರ, ಮರುದಿನಾನ ಕಾಲೇಜ ಬಂದ್." ಅಪ್ಪ ಮಾತಿಗೆ ತಪ್ಪುವ ಪೈಕಿ ಅಲ್ಲ. ಅದಕ್ಕೇ ಮನೆಯ ಹಿಂದಿನ ಹೊಲ. ಶಾಟ್ ಮುಗಿಸಿ ಓಡಿದರೆ ಐದು ನಿಮಿಷದಲ್ಲಿ ತಾಟಿನ ಮುಂದೆ ಇರುತ್ತೇನೆ ಎಂಬ ಲೆಕ್ಕ ನನ್ನದು.

ಮಾಮಾಗೆ ಶನಿವಾರ ಒಂದು ದಿನ ಬಿಡುವು, ಅದೂ ಸಂಜೆಯವರೆಗೆ. ಭಾನುವಾರದಿಂದ ಸಾಲಾಗಿ ಲಗ್ನಗಳು, ಬುಧವಾರ ನಾವು ಕ್ಯಾಸೆಟ್ ಕೊಡಬೇಕು. ಬೆಳಿಗ್ಗೆ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಶುರು ಮಾಡಿದೆವು. ಮಾಮಾ ಎಲ್ಲವನ್ನೂ ಲಗ್ನದ ಹಾಗೆ ತೆಗೆದರು. ನಮ್ಮ ಹಾಡುಗಾರನನ್ನು ಚಪ್ಪಲಿಯಿಂದ ಹಿಡಿದು ನಿಧಾನವಾಗಿ ತಲೆಯವರೆಗೆ.

"ಮಾಮಾರ, ಇಂವಾ ದುಃಖದಾಗ ಅದಾನ್ರಿ," ಎಂದೆ.

"ಮದುಮಗನೂ ದುಃಖದಾಗನ ಇರ್ತಾನ ತಂಗಿ, ನಾ ನೋಡೇನಿ," ಎಂದರು. ಸುತ್ತ ನಿಂತಿದ್ದ ಜನ ನಕ್ಕರು. ಹಾಡುಗಾರನೂ ನಕ್ಕ. ಆ ಶಾಟ್ ಹೋಯಿತು.

ಮಧ್ಯಾಹ್ನ ಮಮದಾಪುರದ ರಸ್ತೆ. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು, ಎಲ್ಲದರಲ್ಲೂ ಜೋರು ಟೇಪು. ನಮ್ಮ ಹಾಡು ನಮಗೇ ಕೇಳುತ್ತಿರಲಿಲ್ಲ. ನಾನು ನಿಮಿಷಕ್ಕೊಮ್ಮೆ ಗೆಳತಿಯ ಕೈಹಿಡಿದು ಗಡಿಯಾರ ನೋಡುತ್ತಿದ್ದೆ. "ಕೈ ಕಿತ್ಗೊಂಡ ಹೋಗ ಒಮ್ಮಿ," ಎಂದು ಅವಳು ಬೈದಳು. ನಾಲ್ಕು ಗಂಟೆಗೆ ಎಲ್ಲರನ್ನೂ ಎಬ್ಬಿಸಿ, ಎರಡು ಗಾಡಿಯಲ್ಲಿ ತುರುಕಿ ಕಲ್ಲೋಳಿಗೆ ಹೊರಡಿಸಿದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಹೊಲದಲ್ಲಿ ನಿಂತೆವು. ಮಾಮಾ ಮೇಲೆ ನೋಡಿದರು, ನನ್ನನ್ನು ನೋಡಿದರು.

"ಎಲ್ಲಿ ಮುಳಗಾಕತ್ತೇತಿ ತಂಗಿ?"

ಸೂರ್ಯ ಬೇವಿನ ಮರದ ತುದಿಗಿಂತ ಮೇಲೆ ಬೆಳ್ಳಗೆ ಉರಿಯುತ್ತಿತ್ತು. ಕಣ್ಣಿಟ್ಟು ನೋಡಲು ಆಗುತ್ತಿರಲಿಲ್ಲ.

"ಇನ್ನ ಐದ ಮಿನಿಟನ್ಯಾಗ ಇಳೀತೇತಿ ನೋಡ್ರಿ," ಎಂದೆ. ಖರೆ ಹೇಳುತ್ತೇನೆ, ಹಾಗೆಂದು ನಂಬಿದ್ದೆ. ಒಮ್ಮೆಲೇ ಇಳಿಯುತ್ತದೇನೋ ಎಂದುಕೊಂಡು ಕಾದೆ.

ಐದಾಯಿತು. ಐದೂ ಹತ್ತಾಯಿತು. ಸೂರ್ಯ ಅಲ್ಲೇ. ಹಾಡುಗಾರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಆರೂ ದಾಟತೈತಿ ಲೇ ಹುಡುಗಿ. ನಿಮ್ಮ ಮನ್ಯಾಗ ಬ್ಯಾರೆ ಸೂರ್ಯ ಐತೇನ?" ಎಂದ. ಐದೂಕಾಲು ಆಯಿಯ ತಾಟಿನ ವೇಳೆ, ಸೂರ್ಯನದಲ್ಲ ಎಂದು ಆಗ ನನಗೆ ತಿಳಿಯಿತು.

ಓಡಿಹೋಗಿ ಉಂಡು ವಾಪಸು ಬರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಅಂದೆ. ಮಾಮಾ ಒಪ್ಪಲಿಲ್ಲ. "ನೀ ಮನಿಗೆ ಹೋದಿ ಅಂದ್ರ ನಾ ಹುಕ್ಕೇರಿಗೆ ಹೋಗಾಂವ. ಆರಕ್ಕ ಅರಿಷಿಣದ ಮನ್ಯಾಗ ಇರಬೇಕಾಗಿತ್ತ, ನಿನ್ನ ಮಾತ ಕೇಳಿ ನಿಂತೇನಿ." ಅದು ಅರ್ಧ ಕಾರಣ. ಇನ್ನರ್ಧ ನನ್ನದು. ಒಮ್ಮೆ ಆಯಿಯ ಮುಖ ನೋಡಿದರೆ ಮತ್ತೆ ಹೊಸ್ತಿಲು ದಾಟಲು ನನ್ನಿಂದ ಆಗುತ್ತಿರಲಿಲ್ಲ. ಉಂಡ ಮೇಲೆ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವ ಪದ್ಧತಿಯೂ ನಮ್ಮಲ್ಲಿರಲಿಲ್ಲ. ಅವ್ವ ಆ ವಾರ ತವರಿಗೆ ಹೋಗಿದ್ದಳು. ಅಪ್ಪ ಪೇಟೆಯ ಅಂಗಡಿಯಲ್ಲೇ ಬುತ್ತಿ ಉಂಡು ಎಂಟಕ್ಕೆ ಬರುವವರು. ಮನೆಯಲ್ಲಿ ಆಯಿ ಒಬ್ಬಳೇ.

ಗೆಳತಿಯನ್ನು ಕಳಿಸಿದೆ. "ಆಯಿಗೆ ಉಣ್ಣಾಕ ಹೇಳ. ನಂದ ದಾರಿ ನೋಡಬ್ಯಾಡ ಅನ್ನ. ಕೈ ಮುಗದ ಹೇಳ."

ಅವಳು ಬಾಯಿ ಆಡಿಸುತ್ತ ವಾಪಸು ಬಂದಳು.

"ಏನಂದ್ಲು?"

"'ಬರ್ಲಿ' ಅಂದ್ರು."

"ಉಂಡ್ಲೇನ?"

"ನನಗ ಶೇಂಗಾ ಉಂಡಿ ಕೊಟ್ರು. ಅವರ ಉಣಲಿಲ್ಲ. ಎರಡ ತಾಟ ಹಾಕ್ಕೊಂಡ ಕುಂತಾರ." ಉಳಿದ ಅರ್ಧ ಉಂಡಿಯನ್ನು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ.

ಆ ಒಂದು ಗಂಟೆ ನಾನು ನಿಂತಲ್ಲಿ ನಿಲ್ಲಲಿಲ್ಲ. ಬದುವಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ನಮ್ಮ ಹಿತ್ತಲ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಈಗ ಹೋಗಿಬಿಡುತ್ತೇನೆ ಎಂದು ಎರಡು ಸಲ ಚಪ್ಪಲಿ ಮೆಟ್ಟಿದೆ, ಎರಡು ಸಲ ಬಿಟ್ಟೆ. ಐದೂವರೆ ದಾಟಿದ ಮೇಲೆ ಹೋದರೂ ಒಂದೇ, ಬಿಟ್ಟರೂ ಒಂದೇ ಆಯಿತು. ಆಯಿಯ ಊಟದ ವೇಳೆ ಮುಗಿದಿತ್ತು. ಮುಗಿಯಿತಲ್ಲ ಎಂದು ನನ್ನ ಮನಸ್ಸಿನ ಒಂದು ಮೂಲೆ ಹಗುರಾಯಿತು. ಆ ಹಗುರಕ್ಕೆ ನನಗೆ ಇವತ್ತಿಗೂ ನಾಚಿಕೆ.

ಆರಾಯಿತು. ಬೆಳಕು ನಿಜಕ್ಕೂ ಬದಲಾಯಿತು. ಮಾಮಾ ಕ್ಯಾಮೆರಾವನ್ನು ನನ್ನ ಹೆಗಲ ಮೇಲೆ ಇಟ್ಟರು. ಅಕ್ಕಿ ಚೀಲ ಹೊತ್ತ ಹಾಗಾಯಿತು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎಲ್ಲವೂ ಕಪ್ಪು ಬಿಳುಪು. ಆಗಿನ ಕ್ಯಾಮೆರಾಗಳು ಹಾಗೇ ಇದ್ದವು. ಹಾಡುಗಾರ ನಡೆದ. ಬಿಳಿ ಸೂರ್ಯ ಬೂದಿ ಬಣ್ಣದ ಹೊಲಕ್ಕೆ ಇಳಿಯಿತು. "ಅಳ್ಳಾಡಬ್ಯಾಡ, ಉಸರ ಬಿಗಿ ಹಿಡಿ," ಎಂದು ಮಾಮಾ ಕಿವಿಯ ಹತ್ತಿರ ಪಿಸುಗುಟ್ಟಿದರು. ಹಿಡಿದೆ. ಅದರ ಕೊನೆಯ ಚೂರು ಹೋಗುವವರೆಗೆ ಹಿಡಿದೆ.

ಮನೆಗೆ ಬಂದಾಗ ಎರಡೂ ತಾಟುಗಳು ಬೋರಲು ಬಿದ್ದಿದ್ದವು. ಆಯಿ ಗೋಡೆಗೆ ಒರಗಿ ಜಪ ಮಾಡುತ್ತಿದ್ದಳು. ಬೈಯಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದಳು. ಇನ್ನು ಅಪ್ಪ ಬರುವುದೊಂದೇ ಬಾಕಿ. ಪದವಿಗೆ ಮೂರು ತಿಂಗಳಿತ್ತು. ನಾಳೆಯಿಂದ ಮನೆಯಲ್ಲೇ ಎಂದು ನಾನು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟೆ. ಕೈಗೆ ಬೇರೆ ಕೆಲಸ ಇರಲಿಲ್ಲ.

ಎಂಟಕ್ಕೆ ಅಪ್ಪ ಬಂದು ಕಾಲು ತೊಳೆದರು. ದಿನಾಲೂ ಕೇಳುವುದನ್ನೇ ಕೇಳಿದರು.

"ಉಂಡ್ರೇನ?"

ನಾನು ಬಾಯಿ ತೆರೆದೆ. ಆಯಿ ನನಗಿಂತ ಮೊದಲು ಹೇಳಿದಳು: "ಉಂಡ್ವಿ. ಹೊತ್ತಿದ್ದಾಗನ ಉಂಡ್ವಿ."

ಅಪ್ಪ ಪತ್ರಿಕೆ ಬಿಡಿಸಿ ಕೂತರು.

ಆಕೆ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಣಹಾಕಿದ ಮಡಿಸೀರೆ ಯಾರ ಮೈಗಾದರೂ ತಾಗಿದರೂ ತಾನೇ ಹೇಳಿ ಮತ್ತೆ ತೊಳೆಯುವ ಹೆಂಗಸು. ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದ ಮೇಲೆ, ಬಿಸಿಲು ಅಂಗಳಕ್ಕೆ ಬಂದ ಮೇಲೆ, ಇಬ್ಬರೂ ಉಣ್ಣಲು ಕೂತೆವು. ಆಕೆ ಬರೀ ರೊಟ್ಟಿ ಮತ್ತು ಉಪ್ಪಿಲ್ಲದ ಬೇಳೆ ಹಾಕಿಕೊಂಡಳು.

"ಇದೇನ ಆಯಿ?"

"ಎಂಟ ದಿನ ಉಪ್ಪ ಬಿಟ್ಟೇನಿ."

"ಯಾಕ?"

"ಸುಳ್ಳ ಹೇಳೇನಲ್ಲಾ."

"ಅಪ್ಪ ಕೇಳಿದ್ರ?"

"ಬಿ.ಪಿ. ಅಂತೀನಿ." ಸ್ವಲ್ಪ ಹೊತ್ತು ಅಗಿದು, "ಅದಕ್ಕ ಮತ್ತ ಎರಡ ದಿನ," ಎಂದಳು. ನನಗೆ ನಗು ಬಂತು.

ನಾನೂ ಉಪ್ಪಿಲ್ಲದ ಬೇಳೆಗೇ ಸವಟು ಹಾಕಿದೆ. ಆಕೆ ಕೈ ಅಡ್ಡ ಇಟ್ಟಳು.

"ನೀ ಯಾಕ ಬಿಡ್ತಿ? ನೀ ಏನ್ ಸುಳ್ಳ ಹೇಳಿದಿ? ನೀ ಬರೇ ತಡಾ ಮಾಡೀದಿ."

ಉಪ್ಪಿನ ಬಟ್ಟಲನ್ನು ನನ್ನ ತಾಟಿನ ಹತ್ತಿರ ಸರಿಸಿದಳು. ಬಸ್ಸಿಗೆ ವೇಳೆಯಾಗಿತ್ತು. ಹುಕ್ಕೇರಿಗೆ ಹೋಗಿ, ಮಾಮಾ ಲಗ್ನಕ್ಕೆ ಹೊರಡುವ ಮೊದಲು ಅವರ ಮನೆಯಲ್ಲಿ ಆ ಕ್ಯಾಸೆಟ್ ನೋಡಬೇಕಿತ್ತು. ನಾನು ಉಪ್ಪು ಹಾಕಿಕೊಂಡು ಉಂಡೆ.