ಅಕ್ಕೋರು ಹಿಡಿದ ಸೀಟು

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಎಲ್ಲರೂ ನೋಡಿರುತ್ತಾರೆ. ನೀಲಗಂಗಮ್ಮ ಅಕ್ಕೋರು ಎಸೆಯುತ್ತಿದ್ದದ್ದು ಎರಡು: ತಮ್ಮ ಸೀಟಿಗೆ ಬುತ್ತಿಯ ಚೀಲ, ನನ್ನ ಸೀಟಿಗೆ ಹಸಿರು ಟವೆಲ್. ಐವತ್ತು ದಾಟಿದ, ಮೊಣಕಾಲು ನೋವಿನ ಆ ದಪ್ಪ ಹೆಂಗಸು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹಿಂದಕ್ಕೆ ಸರಿಯುತ್ತಿರುವ ಬಸ್ಸಿನ ಜೊತೆಗೇ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದರೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಳಗಿನ ಸುರಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ನನ್ನ ಸೀಟು ತಪ್ಪಿದ ದಿನವಿಲ್ಲ. ಯಾರಾದರೂ ಟವೆಲ್ ಸರಿಸಿ ಕುಳಿತುಬಿಟ್ಟರೆ ಅಕ್ಕೋರು ಜಗಳಕ್ಕೆ ಇಳಿಯುತ್ತಿರಲಿಲ್ಲ. ಮಗ್ಗಿ ಬಾರದ ಹುಡುಗನನ್ನು ನೋಡುವಂತೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು. ಕುಳಿತವರು ಎದ್ದು ಹೋಗುತ್ತಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಅವರದು ಸುರಪುರದಲ್ಲಿ ಪ್ರಾಥಮಿಕ ಶಾಲೆ, ನನ್ನದು ಅದೇ ಊರಿನ ಒಂದು ಕಚೇರಿಯಲ್ಲಿ ಕ್ಲರ್ಕಿನ ಕೆಲಸ. ಇಬ್ಬರ ಮನೆಯೂ ಶಹಾಪುರದಲ್ಲಿ. ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಿಶ್ಚಯವಾದ ನನ್ನ ಮದುವೆ ಮುರಿದುಬಿತ್ತು. ಆ ವಾರ ನಾನು ಕಿಟಕಿಗೆ ಮುಖ ಮಾಡಿ ಅಳುತ್ತ ಕುಳಿತಿದ್ದಾಗ ಪಕ್ಕಕ್ಕೆ ಬಂದು ಕುಳಿತವರು ಇವರು. ಏನಾಯಿತೆಂದು ಕೇಳಲಿಲ್ಲ. ತಮ್ಮ ಮೊಣಕಾಲಿನ ವಿಷಯ ಶುರು ಮಾಡಿದರು. ಸುರಪುರ ಬಂದರೂ ಅದು ಮುಗಿದಿರಲಿಲ್ಲ.

ಮರುದಿನವೂ ಮುಗಿಯಲಿಲ್ಲ. ಮೊಣಕಾಲು, ಬಿಪಿ ಗುಳಿಗೆ, ಕೊಂಕಲ್ಲಿನ ನಾದಿನಿಯ ಕೊಂಕು, ಹೆಡ್ ಮಾಸ್ತರರ ತರಲೆ, ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿದ್ದಕ್ಕೆ ಹೂಂ ಕೂಡ ಅನ್ನದ ಗಂಡ. “ನಾ ಗ್ವಾಡಿ ಕೂಡ ಸಂಸಾರ ಮಾಡಾಕತ್ತೇನಿ ತಂಗಿ” ಎಂದು ಗಂಡನನ್ನು ಗೋಡೆಗೆ ಹೋಲಿಸುವುದು ದಿನದ ಮಾತು. ನನ್ನ ಗಮನ ಎಲ್ಲಿಯಾದರೂ ಹೋದರೆ ಮೊಣಕೈಯಿಂದ ತಿವಿಯುತ್ತಿದ್ದರು. ಭಾನುವಾರ ಫೋನು. ನಾನು ರಜೆ ಹಾಕಿದರೆ ಬಸ್ ಹತ್ತುವಾಗ ಒಂದು, ಇಳಿದಾಗ ಇನ್ನೊಂದು. ನಾನು ಏನಾದರೂ ಹೇಳಲು ಬಾಯಿ ತೆರೆದರೆ, ಅದಕ್ಕಿಂತ ದೊಡ್ಡದು ಅವರ ಹತ್ತಿರ ಸಿದ್ಧವಿರುತ್ತಿತ್ತು. ಪಾಪ, ಇವರಿಗೆ ನಾನು ಬಿಟ್ಟರೆ ಯಾರಿದ್ದಾರೆ ಎಂದುಕೊಂಡು ಹೂಂಗುಟ್ಟುತ್ತ ಬಂದೆ.

ಬಿಡಿಸಿಕೊಳ್ಳಲು ನೋಡದೆ ಇದ್ದೆನೆಂದಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದೆ. ಅಕ್ಕೋರು ಒಂದನ್ನು ಕಿತ್ತು ತಮ್ಮ ಕಿವಿಗೆ ಇಟ್ಟುಕೊಂಡು, ಖಾಲಿಯಾದ ನನ್ನ ಕಿವಿಗೆ ಮಾತು ಮುಂದುವರಿಸಿದರು. ಮುಕ್ಕಾಲು ಗಂಟೆ ಮೊದಲಿನ ಬಸ್ಸಿಗೆ ಹೋದೆ. ಮರುದಿನ ಆ ಬಸ್ಸಿನಲ್ಲೂ ಹಸಿರು ಟವೆಲ್ ನನಗಾಗಿ ಕಾದಿತ್ತು. ಕಚೇರಿಗೆ ಬೇಗ ಹೋಗಬೇಕಿದ್ದರೆ ಮೊದಲೇ ಹೇಳಬಾರದಿತ್ತೇ ಎಂದು ಬೈಸಿಕೊಂಡೆ. ಕೊನೆಗೆ ಯಾದಗಿರಿಗೆ ವರ್ಗ ಕೇಳಿ ಅರ್ಜಿ ಹಾಕಿದೆ. ಒಬ್ಬ ಹೆಂಗಸಿನ ಮಾತಿನಿಂದ ತಪ್ಪಿಸಿಕೊಳ್ಳಲು ಊರು ಬಿಡಲು ಹೊರಟವಳು ನಾನೊಬ್ಬಳೇ ಇರಬೇಕು. ಅರ್ಜಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇನ್ನು ಬಾಯಿಬಿಟ್ಟು ಹೇಳುವುದೊಂದೇ ಉಳಿಯಿತು. ಕನ್ನಡಿಯ ಮುಂದೆ ಎಷ್ಟು ಸಲ ಹೇಳಿಕೊಂಡರೂ ಬಸ್ಸಿನಲ್ಲಿ ಟವೆಲ್ ನೋಡಿದ ಕೂಡಲೇ ನಾಲಿಗೆ ಹಿಂದೆ ಸರಿಯುತ್ತಿತ್ತು.

ಕಳೆದ ವರ್ಷ ಒಂದು ಸೋಮವಾರ ಹತ್ತಿಗುಡೂರಿನ ಹತ್ತಿರ ಅಂದುಬಿಟ್ಟೆ.

“ಅಕ್ಕೋರೆ, ನಾಳಿಂದ ನನಗ ಸೀಟು ಹಿಡೀಬ್ಯಾಡ್ರಿ. ನಾ ಒಬ್ಬಾಕೀನ ಹೋಗ್ತೇನಿ.”

ಅವರ ಮಾತು ನಿಂತಿತು. ಅಳುತ್ತಾರೆ ಎಂದು ಹೆದರಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಖರೇನ ಆರಾಮ ಆಗೀಯೇನು?”

ಹೌದೆಂದೆ.

“ಹಂಗಾರ ಛಲೋ ಆತು. ನನಗೂ ಗಂಟಲು ಸೋತಿತ್ತು. ಅವತ್ತ ನೀ ಅಳಾಕತ್ತಿದ್ದಿ, ನಾ ಮಾತಾಡಿದ ಮ್ಯಾಲ ಸುಮ್ಮನಾದಿ. ನಿಲ್ಲಿಸಿದ್ರ ಮತ್ತ ಶುರು ಮಾಡ್ತಿ ಅಂತ ಹೇಳಿ ಮಾತಾಡಕೋಂತ ಬಂದೆ. ಶಹಾಪುರದ ಸಾಲ್ಯಾಗ ಎರಡ ಸಲ ಜಾಗ ಖಾಲಿ ಆಗಿತ್ತು. ಬ್ಯಾಡ ಅಂದೆ. ಈ ಹುಡುಗಿ ಒಬ್ಬಾಕಿ ಹ್ಯಾಂಗ ಹೋಗಿಬರ್ತಾಳ ಅಂತ.”

ಏಳು ವರ್ಷ ನಾನು ಇವರನ್ನು ಹೊತ್ತುಕೊಂಡಿದ್ದೇನೆ ಎಂದು ತಿಳಿದಿದ್ದೆ. ಇವರು ನನ್ನನ್ನು ಹೊತ್ತುಕೊಂಡಿದ್ದಾಗಿ ಹೇಳುತ್ತಿದ್ದಾರೆ. ಅದು ನಿಜವೋ, ಆ ಕ್ಷಣಕ್ಕೆ ಮುಖ ಉಳಿಸಿಕೊಳ್ಳಲು ಹೊಳೆದ ಮಾತೋ, ಇಂದಿಗೂ ನನಗೆ ಬಗೆಹರಿದಿಲ್ಲ. ಉಳಿದ ದಾರಿಯಲ್ಲಿ ಅವರು ಕಣ್ಣು ಮುಚ್ಚಿ ನಿದ್ದೆ ಮಾಡಿದರು. ಅವರು ಬಸ್ಸಿನಲ್ಲಿ ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮರುದಿನದಿಂದ ಅವರು ಮುಂದಿನ ಸೀಟುಗಳ ಕಡೆ ಕೂರತೊಡಗಿದರು. ಮುಂದಿನ ವರ್ಗಾವಣೆಯಲ್ಲಿ ಶಹಾಪುರದ ಶಾಲೆಗೇ ಬಂದುಬಿಟ್ಟರು. ಬೇಡಿಕೊಂಡಿದ್ದ ಮೌನ ಸಿಕ್ಕಿತು. ಮೊದಲ ವಾರ ಹಾಯಾಗಿತ್ತು. ಆಮೇಲೆ ಏನಾಯಿತೆಂದರೆ, ಕಚೇರಿಯಲ್ಲಿ ಸಾಹೇಬರು ಯಾರದೋ ತಪ್ಪಿಗೆ ನನ್ನನ್ನು ಎಲ್ಲರೆದುರು ಬೈದ ದಿನ, ಬಸ್ ಹತ್ತುವಷ್ಟರಲ್ಲಿ ನಾನು ಅದನ್ನು ಅಕ್ಕೋರಿಗೆ ಹೇಗೆ ಹೇಳಬೇಕೆಂದು ಪೂರ್ತಿ ಜೋಡಿಸಿಕೊಂಡಿದ್ದೆ. ಪಕ್ಕದಲ್ಲಿದ್ದಾಗ ಒಂದು ಮಾತೂ ಹೇಳಲು ಬಿಡದವರಿಗೆ ಈಗ ಹೇಳಬೇಕೆನ್ನಿಸುವುದು ಏಕೆ? ಮರುದಿನ ಫೋನ್ ಮಾಡಿದೆ. ಕ್ಲಾಸಿನಲ್ಲಿದ್ದೇನೆ ಎಂದು ಇಟ್ಟುಬಿಟ್ಟರು. ಸಂಜೆ ಮಾಡಿದೆ, ಎತ್ತಲಿಲ್ಲ. ನಾನು ಅತ್ತಿರಬಹುದು; ಇಲ್ಲ, ಅತ್ತೇಬಿಟ್ಟೆ.

ಭಾನುವಾರ ಅವರ ಮನೆಗೇ ಹೋದೆ. ಬಾಗಿಲು ತೆರೆದವರು ಆ ಹೂಂ ಅನ್ನದ ಗಂಡ. ಬರ್ರಿ ಬರ್ರಿ ಎಂದು ಕೂರಿಸಿದರು. ಬಸ್ಸಿನ ಗದ್ದಲ, ನನ್ನ ಕಚೇರಿ, ತಂದೆಯ ಆರೋಗ್ಯ ಎಲ್ಲವನ್ನೂ ವಿಚಾರಿಸಿದರು. ನಗೆಚಾಟಿಕೆ ಮಾಡಿದರು. ಚಹಾ ಮಾಡಲು ತಾವೇ ಒಳಗೆ ಹೋದರು. ನಾನು ಕಕ್ಕಾಬಿಕ್ಕಿಯಾದೆ. ಏಳು ವರ್ಷ ನಾನು ಮರುಗಿದ್ದು ಯಾರ ಸಂಸಾರಕ್ಕೆ? ದಾರಿ ಸವೆಸಲು, ನನ್ನ ಕಣ್ಣು ಒಣಗಿರಲಿ ಎಂದು, ಅಕ್ಕೋರು ಆ ಗೋಡೆಯನ್ನು ತಾವೇ ಕಟ್ಟಿದ್ದರೋ?

ಕೇಳಲಿಲ್ಲ. ಅಕ್ಕೋರು ಬಂದು ಎದುರಿಗೆ ಕುಳಿತು ಕಡಲೆ ಸೊಪ್ಪು ಬಿಡಿಸತೊಡಗಿದರು. ನಾನು ಶುರು ಮಾಡಿದೆ. ಸಾಹೇಬರ ಬೈಗುಳದಿಂದ ಹಿಡಿದು, ಮುರಿದ ಮದುವೆಯವನಿಗೆ ಈಗ ಮಗುವಾದದ್ದು, ನನಗೆ ಬರುವ ಸಂಬಂಧಗಳು, ನಿದ್ದೆ ಬಾರದ್ದು, ಒಂದನ್ನೂ ಬಿಡಲಿಲ್ಲ. ಚಹಾ ಆರಿತು. ಸೊಪ್ಪು ಮುಗಿಯಿತು. ಅವರು ಅಂಗೈಯಲ್ಲಿದ್ದ ಕಡ್ಡಿಗಳನ್ನು ಮೊರಕ್ಕೆ ಹಾಕಿ ಎದ್ದರು. ಬಾಗಿಲವರೆಗೆ ಕಳಿಸಲು ಬಂದರು.

“ತಂಗಿ, ಇನ್ನ ಮ್ಯಾಲ ಹಿಂಗ ಬರಬ್ಯಾಡ” ಎಂದರು. “ನನಗ ಕೇಳಾಕ ಆಗೂದಿಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ನಾನು ಏಳು ವರ್ಷ ಕನ್ನಡಿಯ ಮುಂದೆ ಒದ್ದಾಡಿದ್ದನ್ನು ಅವರು ಹೊಸ್ತಿಲಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಸಿದರು. ಆತ್ರಿ ಎಂದು ಚಪ್ಪಲಿ ಮೆಟ್ಟಿದೆ. ಆಮೇಲೆ ನಾನು ಅವರನ್ನು ಕಂಡಿಲ್ಲ. ಅವತ್ತು ಗೇಟು ದಾಟಿ ರಸ್ತೆಗೆ ಬಂದಾಗ ಅವರಿಗೆ ಹೇಳಬೇಕಾದದ್ದು ನನ್ನ ಹತ್ತಿರ ಇನ್ನೂ ಅರ್ಧ ಉಳಿದಿತ್ತು.