ಮಲ್ಲಿಗೆಯೊಳಗಿನ ನಾತ

ಬ್ಯಾಕ್ಟೀರಿಯಾದಿಂದ ಮಲ್ಲಿಗೆಯ ಪರಿಮಳ ತೆಗೆಯುತ್ತೇನೆ ಎಂದು ಕುರುಗೋಡಿನ ನಮ್ಮ ಮನೆಯಲ್ಲಿ ಹೇಳಿದ ದಿನ, ಸಿರುಗುಪ್ಪದಿಂದ ಬಂದಿದ್ದ ಸೋದರಮಾವ ಚಹಾ ಚೆಲ್ಲುವಷ್ಟು ನಕ್ಕ. "ಹೊಟ್ಟ್ಯಾಗಿನ ಹುಳ ಅಲ್ಲೇನವ್ವಾ ಅದು? ಕಕ್ಕಸಿನ್ಯಾಗಿಂದ ಅತ್ತರ ತೆಗಿತೀಯೇನು?" ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಬಂದಾಗ ನಾನು ಜಗಳವಾಡುವುದಿಲ್ಲ, ಕೆಲಸ ಹೆಚ್ಚು ಮಾಡುತ್ತೇನೆ.

ಮಾವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಬಳ್ಳಾರಿಯ ಲ್ಯಾಬಿನಲ್ಲಿ ನಾನು ಬೆಳೆಸುತ್ತಿದ್ದದ್ದು ಮನುಷ್ಯರ ಕರುಳಿನಲ್ಲಿರುವ ಜಾತಿಯ ಬ್ಯಾಕ್ಟೀರಿಯಾ. ಮಲ್ಲಿಗೆ ಪರಿಮಳ ತಯಾರಿಸುವ ಜೀನುಗಳನ್ನು ಅದರೊಳಗೆ ಸೇರಿಸಿದ್ದೆ. ಆದರೆ ಅದಕ್ಕೆ ಹುಟ್ಟಿನಿಂದಲೇ ಒಂದು ನಾತವಿತ್ತು, ಇಂಡೋಲ್ ಎಂಬ ವಸ್ತುವಿನದು. ಮಾವನ ನಗು ಕಿವಿಯಲ್ಲಿತ್ತಲ್ಲ, ಆ ನಾತ ಹುಟ್ಟಿಸುವ ಜೀನನ್ನೇ ಕಿತ್ತು ಹಾಕಿದೆ.

ನನ್ನ ಸಂಶೋಧನೆಯ ಗೈಡ್ ಮೇಡಂ ಅದರಿಂದ ಬಂದ ಪರಿಮಳ ಮೂಸಿ ನೋಡಿ ಮುಖ ಸಣ್ಣದು ಮಾಡಿದರು. "ಊದಿನಕಡ್ಡಿ ಇದ್ದಂಗ ಐತಿ. ತಿಂಗಳೊಳಗ ಮಲ್ಲಿಗಿ ಆಗಲಿಲ್ಲ ಅಂದ್ರ ಈ ವಿಷಯ ಬಿಟ್ಟು ಮಣ್ಣು ಪರೀಕ್ಷೆ ತಗೋ." ಎರಡು ವರ್ಷದ ಕೆಲಸ ಅದು. ಬಿಡಲು ನಾನೇನು ಕೈಲಾಗದವಳೇ?

ಬ್ಯಾಕ್ಟೀರಿಯಾ ಒಂದೂ ಉಳಿಯದಂತೆ ಬಟ್ಟಿ ಇಳಿಸಿದ ಸುಗಂಧವನ್ನು ಚಿಕ್ಕ ಬಾಟಲಿಯಲ್ಲಿ ಹಿಡಿದು ಊರಿನ ಬಸ್ಸು ಹತ್ತಿದೆ. ನಾನು ಹುಟ್ಟುವ ಮೊದಲಿನಿಂದ ಅವ್ವ ಹೂ ಕಟ್ಟುತ್ತಾಳೆ. ಮಲ್ಲಿಗೆಯ ವಿಷಯದಲ್ಲಿ ಅವಳಿಗಿಂತ ಬಲ್ಲವರು ಯಾರು? ಬಾಟಲಿ ಮೂಗಿನ ಹತ್ತಿರ ಹಿಡಿದರೆ ತಟ್ಟನೆ ಮುಖ ತಿರುಗಿಸಿಬಿಟ್ಟಳು.

"ಮೂಸಿದ ಹೂವು ದೇವರಿಗೆ ನಡಿಯಂಗಿಲ್ಲ. ಒಂದು ದಿನಾನೂ ಮೂಗಿಗೆ ಹಿಡದಿಲ್ಲ ನಾನು."

ಅವಳ ಮಗ್ಗುಲಲ್ಲೇ ಕೂತು ಬೆಳೆದವಳಿಗೆ ಇದು ಹೊಳೆದೇ ಇರಲಿಲ್ಲ ನೋಡಿ! ನಾನು ಬಾಟಲಿ ಮುಚ್ಚುವಷ್ಟರಲ್ಲಿ ಅವಳೇ ಕೈ ಚಾಚಿದಳು. ಎರಡು ಹನಿ ಬೆರಳಿಗೆ ಹಾಕಿಸಿಕೊಂಡು, ದಾರಕ್ಕೆ ಗಂಟು ಹಾಕುವ ಹಾಗೆ ಬೆರಳಾಡಿಸುತ್ತಾ ಕೂತಳು. ಆಮೇಲೆ ತುತ್ತು ಎತ್ತುವ ಹಾಗೆ ಕೈಯನ್ನು ಬಾಯಿಯ ಹತ್ತಿರ ತಂದಳು.

"ಇದು ಮಲ್ಲಿಗಿ ಅಲ್ಲ. ಹೂ ಕಟ್ಟಿ ಉಣ್ಣಾಕ ಕುಂತಾಗ ಬೆರಳಿಗಿರೋ ವಾಸನಿ ನಂಗೊತ್ತು. ಅದರಾಗ ಒಂಚೂರು ಹೊಲಸು ಇರ್ತೈತಿ. ಇದರಾಗ ಇಲ್ಲ."

ನಾನು ಪೆಚ್ಚಾದೆ. ಮಲ್ಲಿಗೆಯಲ್ಲೂ ಇಂಡೋಲ್ ಇದೆ ಎಂದು ಪುಸ್ತಕದಲ್ಲಿ ಓದಿ ಗೆರೆ ಎಳೆದಿದ್ದವಳು ನಾನೇ. ಒಬ್ಬರ ನಗುವಿಗೆ ಹೆದರಿ ಅದನ್ನು ಮರೆತಿದ್ದೆ. ನಾಚಿಕೆಯಾಯಿತು, ಮಾವನಿಗಿಂತ ಹೆಚ್ಚು ನನ್ನ ಮೇಲೇ ಸಿಟ್ಟು ಬಂತು. ಮಾರನೆಯ ದಿನವೇ ಫ್ರೀಜರಿನಲ್ಲಿದ್ದ ಹಳೆಯ, ನಾತದ ಬ್ಯಾಕ್ಟೀರಿಯಾವನ್ನು ಹೊರತೆಗೆದು ಮತ್ತೆ ಬೆಳೆಸಿದೆ. ನಾತ ಒಂಚೂರು ಮಾತ್ರ ಉಳಿಯುವ ಹದ ಸಿಗಲು ಮೂರು ವಾರ ಹಿಡಿಯಿತು.

ಈ ಸಲ ಮೇಡಂ ಎರಡು ಬಾರಿ ಮೂಸಿದರು. "ಇದು ಮಲ್ಲಿಗಿ," ಎಂದು ವರದಿ ಕೈಗೆತ್ತಿಕೊಂಡರು. ಪರಿಮಳ ಪರೀಕ್ಷಿಸಿದ ತಜ್ಞರು ಎಂಬಲ್ಲಿ ಅವ್ವನ ಹೆಸರು ಬರೆದಿದ್ದೆ. ಅರ್ಹತೆ: ಹೂ ಕಟ್ಟುವುದು. ಸಹಿಗೆ ಎತ್ತಿದ ಪೆನ್ನು ಅಲ್ಲಿಗೆ ನಿಂತಿತು.

"ಇದನ್ನ ತಗಿ. ನೋಡಿದವರು ನಗ್ತಾರ."

"ನಗಲಿ ಮೇಡಂ," ಎಂದೆ. "ತೆಗೆಯಂಗಿಲ್ಲ."